ಬೊಮ್ಮಲಗುಟ್ಟದ ಬಂಡೆ

ಹೈದರಾಬಾದಿನ ಉತ್ತರಕ್ಕೆ, ಕರೀಂನಗರ ಜಿಲ್ಲೆಯ ಗಂಗಾಧರ ಮಂಡಲಕ್ಕೆ ಸೇರಿದ ಕುರಿಕ್ಯಾಲ ಗ್ರಾಮದ ಬಳಿಯ ಬಂಡೆಗುಡ್ಡವನ್ನು ಅಲ್ಲಿನ ಜನ ಬೊಮ್ಮಲಗುಟ್ಟ, ಅಂದರೆ ಬೊಂಬೆಗಳ ಗುಡ್ಡ, ಎಂದು ಕರೆಯುತ್ತಾರೆ. ಬಂಡೆಯ ಮೈಯಲ್ಲೇ ಕೊರೆದ ಜಿನಬಿಂಬಗಳು ಹಾಗೂ ಮೊದಲ ತೀರ್ಥಂಕರನಾದ ವೃಷಭನಾಥನ ಯಕ್ಷಿ, ಎಂದರೆ ಅವನನ್ನು ಅನುಸರಿಸುವ ರಕ್ಷಕದೇವತೆ, ಚಕ್ರೇಶ್ವರಿಯ ವಿಗ್ರಹವೇ ಆ ಬೊಂಬೆಗಳು. ಅಲ್ಲಿಯೇ ಹತ್ತನೆಯ ಶತಮಾನದ ಹನ್ನೊಂದು ಸಾಲಿನ ಶಾಸನವಿದ್ದು, ಅದನ್ನು ಬರೆಯಿಸಿದವನು ಆದಿಕವಿ ಪಂಪನ ತಮ್ಮ ಜಿನವಲ್ಲಭ.

ರಾಷ್ಟ್ರಕೂಟರ ಸಾಮಂತನಾಗಿ ವೇಮುಲವಾಡದಿಂದ ಆಳುತ್ತಿದ್ದ ಚಾಲುಕ್ಯ ಅರಿಕೇಸರಿಯು ಪಂಪನಿಗೆ ಧರ್ಮಪುರವೆಂಬ ಅಗ್ರಹಾರವನ್ನು, ಅಂದರೆ ತೆರಿಗೆಯಿಲ್ಲದ ದತ್ತಿಗ್ರಾಮವನ್ನು, ಕೊಟ್ಟನೆಂಬುದು ಪಂಪನ ಕಾವ್ಯ ವಿಕ್ರಮಾರ್ಜುನವಿಜಯದಿಂದಲೇ ತಿಳಿಯುತ್ತದೆ. ಆದರೆ ಆ ಕಾವ್ಯ ಹೇಳದೆ ಬಿಟ್ಟ ಕವಿಯ ತಾಯಿಯ ಹೆಸರನ್ನು ಈ ಬಂಡೆ ಹೇಳುತ್ತದೆ. ಆಕೆ ಅಬ್ಬಣಬ್ಬೆ, ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮನೆತನದವಳು. ತಂದೆಯ ಕಡೆಯವರು ವೆಂಗಿನಾಡಿನವರಾದುದರಿಂದ, ಕನ್ನಡ, ತೆಲುಗು ಎರಡು ನುಡಿಗಳ ಸೀಮೆಗಳು ಒಂದೇ ಮನೆಯಲ್ಲಿ ಕೂಡಿದ್ದವು. ಶಾಸನವೂ ಹಾಗೆಯೇ ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲಿಯೂ ಇದೆ. ಅದರ ತೆಲುಗು ಭಾಗದಲ್ಲಿರುವ ಕಂದಪದ್ಯಗಳು, ಎಂದರೆ ನಾಲ್ಕು ಮಾತ್ರೆಯ ಗಣಗಳಿಂದ ಕಟ್ಟಿದ ನಾಲ್ಕು ಪಾದದ ಪದ್ಯಗಳು, ತೆಲುಗಿನ ಆದಿಕವಿ ನನ್ನಯ್ಯನಿಗಿಂತ ಸುಮಾರು ನೂರು ವರ್ಷ ಹಿಂದಿನವು. ಕನ್ನಡಿಗರು ಪಂಪನಿಗಾಗಿ, ತೆಲುಗರು ಕಂದಗಳಿಗಾಗಿ, ಜೈನರು ಬಿಂಬಗಳಿಗಾಗಿ ಈ ಬಂಡೆಯನ್ನು ಬೇರೆಬೇರೆಯಾಗಿ ಓದುತ್ತ ಬಂದಿದ್ದಾರೆ. ಅದನ್ನು ಬರೆಯಿಸಿದವನಿಗಾದರೋ ಅದೆಲ್ಲವೂ ಒಂದೇ ಆಗಿತ್ತು ಎಂಬುದನ್ನು ಮರೆಯಲಾಗದು.

ಕರೀಂನಗರದ ಸೀಮೆ ಗ್ರಾನೈಟ್ ಕಲ್ಲಿಗೆ ಹೆಸರಾದದ್ದು, ಕ್ವಾರಿಗಳ ಭಯ ಈ ಗುಡ್ಡಕ್ಕೂ ತಪ್ಪಲಿಲ್ಲ. ಬಿಡಿಗಲ್ಲಿನ ಶಾಸನವನ್ನು ವಸ್ತುಸಂಗ್ರಹಾಲಯಕ್ಕೆ ಸಾಗಿಸಿ ಉಳಿಸಿಕೊಳ್ಳಬಹುದು. ಗುಡ್ಡದ ಮೈಯಲ್ಲೇ ಕೊರೆದ ಇಂಥ ಶಾಸನಕ್ಕೆ ಆ ದಾರಿಯಿಲ್ಲ. ಅದಕ್ಕಿಂತ ಮುಖ್ಯವಾಗಿ, ಅದರ ಮಾತು ತಾನಿರುವ ಜಾಗಕ್ಕೇ ಅಂಟಿಕೊಂಡಿದೆ. ಜಿನವಲ್ಲಭನು ವೃಷಭಗಿರಿಯೆಂದು ಕರೆಯುವ ಈ ಗುಡ್ಡವನ್ನು ಸಬ್ಬಿನಾಡಿನ ಧರ್ಮಪುರದೊಡನೆ ಸೇರಿಸಿ ಗುರುತಿಸುತ್ತಾನೆ. ತ್ರಿಭುವನತಿಲಕವೆಂಬ ಬಸದಿಯನ್ನೂ, ಅಂದರೆ ಜಿನಾಲಯವನ್ನೂ, ಮದನವಿಲಾಸವೆಂಬ ತೋಟವನ್ನೂ, ಒಂದು ಕೆರೆಯನ್ನೂ ಮಾಡಿಸಿದುದನ್ನು ಹೇಳುತ್ತಾನೆ. ಆ ಕೆರೆಗೆ ಅವನಿಟ್ಟ ಹೆಸರು ಕವಿತಾಗುಣಾರ್ಣವ, ಅದು ಅಣ್ಣನ ಬಿರುದು. ಆ ಕೆರೆಯನ್ನು ಹುಡುಕುವವರು ಇಂದಿಗೂ ದಿಕ್ಕು ಹಿಡಿಯಬೇಕಾದದ್ದು ಈ ಬಂಡೆಯ ಬುಡದಿಂದ.