ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರಗಳಲ್ಲಿ ಸಾರ್ವಜನಿಕ ಕಾರ್ಯಕ್ರಮಗಳು: ಯೋಜನೆ ಮತ್ತು ಅನುದಾನ

ಪೀಠಿಕೆ

ಚಿಕ್ಕಬಳ್ಳಾಪುರ ತಾಲ್ಲೂಕಿನ ಮುದ್ದೇನಹಳ್ಳಿಯು ಭಾರತರತ್ನ ಸರ್ ಎಂ. ವಿಶ್ವೇಶ್ವರಯ್ಯನವರ ಜನ್ಮಸ್ಥಳವಾಗಿದೆ. ಇಲ್ಲಿ ಅವರ ಸಮಾಧಿ ಹಾಗೂ ಸ್ಮಾರಕಗಳಿದ್ದು, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಅಧ್ಯಯನ ಕೇಂದ್ರವೂ ಇದೆ. ಇಂತಹ ಕೇಂದ್ರಗಳಲ್ಲಿ ಉಪನ್ಯಾಸ, ವಸ್ತುಪ್ರದರ್ಶನ ಅಥವಾ ಕಾರ್ಯಾಗಾರವನ್ನು ಏರ್ಪಡಿಸಬಯಸುವ ಅಧ್ಯಾಪಕರು, ಶಾಲಾ ಕಾಲೇಜುಗಳು ಹಾಗೂ ನೋಂದಾಯಿತ ಸಂಘಗಳ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

1. ವಿಷಯ ಮತ್ತು ದಿನಾಂಕ

ವಿಷಯವು ಸ್ಥಳೀಯರಿಗೆ ಉಪಯುಕ್ತವಾಗಿರುವುದು ಅಪೇಕ್ಷಣೀಯ. ಅಂತರ್ಜಲ, ಕುಡಿಯುವ ನೀರಿನಲ್ಲಿನ ಫ್ಲೋರೈಡ್, ಸಂಸ್ಕರಿಸಿದ ನೀರಿನಿಂದ ಕೆರೆ ತುಂಬಿಸುವಿಕೆ, ಶಿಡ್ಲಘಟ್ಟ ಭಾಗದ ರೇಷ್ಮೆ ಉದ್ಯಮ ಇವು ಜಿಲ್ಲೆಗೆ ಸಂಬಂಧಿಸಿದ ವಿಷಯಗಳು.

ದಿನಾಂಕವನ್ನು ಆರ್ಥಿಕ ವರ್ಷಕ್ಕೆ ಹೊಂದಿಸಿಕೊಳ್ಳತಕ್ಕದ್ದು. ಸೆಪ್ಟೆಂಬರ್ 15ರ ಅಭಿಯಂತರರ ದಿನಾಚರಣೆಯ ನಂತರ ಲೆಕ್ಕ ಮುಗಿಸಲು ಆರು ತಿಂಗಳಿಗೂ ಹೆಚ್ಚು ಅವಧಿ ದೊರೆಯುತ್ತದೆ. ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನಾಚರಣೆಯ ನಂತರ ಮಾರ್ಚ್ 31ಕ್ಕೆ ಉಳಿಯುವುದು ಕೇವಲ 31 ದಿನಗಳು. ಆದ್ದರಿಂದ ಎರಡನೆಯ ಸಂದರ್ಭದಲ್ಲಿ ಬಿಲ್ಲುಗಳನ್ನು ಅಂದಂದೇ ಪಡೆದುಕೊಳ್ಳುವುದು ಅವಶ್ಯ.

2. ಅನುದಾನದ ಮೂಲಗಳು

(ಅ) ವಿಶ್ವವಿದ್ಯಾಲಯದ ಸ್ವಂತ ಆಯವ್ಯಯ.
(ಆ) ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ, ಕರ್ನಾಟಕ ವಿಜ್ಞಾನ ಮತ್ತು ತಂತ್ರಜ್ಞಾನ ಅಕಾಡೆಮಿ ಮುಂತಾದ ರಾಜ್ಯದ ಸಂಸ್ಥೆಗಳು.
(ಇ) ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ.
(ಈ) ನೋಂದಣಿ ಶುಲ್ಕ ಹಾಗೂ ಪ್ರಾಯೋಜಕರ ನೆರವು.

ಅರ್ಹತೆ, ಮೊತ್ತದ ಮಿತಿ ಹಾಗೂ ಕೊನೆಯ ದಿನಾಂಕಗಳನ್ನು ಆಯಾ ಸಂಸ್ಥೆಯ ಪ್ರಕಟಣೆಯಲ್ಲಿ ನೋಡಿಕೊಳ್ಳತಕ್ಕದ್ದು. ಒಂದೇ ವೆಚ್ಚಕ್ಕೆ ಎರಡು ಸಂಸ್ಥೆಗಳಿಂದ ಹಣ ಪಡೆಯುವಂತಿಲ್ಲ.

3. ಅಂದಾಜು ಪಟ್ಟಿ

ಪ್ರಯಾಣ, ಸಂಭಾವನೆ, ಊಟೋಪಚಾರ, ಮುದ್ರಣ, ಧ್ವನಿವರ್ಧಕ ಇತ್ಯಾದಿಗಳನ್ನು ಪ್ರತ್ಯೇಕವಾಗಿ ನಮೂದಿಸತಕ್ಕದ್ದು. ಹಣದ ಕೊರತೆ ಕಂಡುಬಂದಲ್ಲಿ ಶಾಲು, ಹಾರ, ನೆನಪಿನ ಕಾಣಿಕೆಗಳ ವೆಚ್ಚವನ್ನು ಮೊದಲು ಕಡಿತಗೊಳಿಸುವುದು ಸೂಕ್ತ. ಗ್ರಾಮೀಣ ಶಾಲೆಗಳ ವಿದ್ಯಾರ್ಥಿಗಳನ್ನು ಕರೆತರುವ ಬಸ್ಸಿನ ವೆಚ್ಚವನ್ನು ಕೈಬಿಟ್ಟಲ್ಲಿ ಸಭಾಂಗಣದಲ್ಲಿ ಕೇಂದ್ರದವರೇ ಉಳಿಯುವರು. ಸಾರ್ವಜನಿಕ ಕಾರ್ಯಕ್ರಮವೆಂಬ ಉದ್ದೇಶವೇ ಈಡೇರುವುದಿಲ್ಲ.

ರಾಜ್ಯದಲ್ಲಿ 2016ರಿಂದ ಪ್ಲಾಸ್ಟಿಕ್ ಫ್ಲೆಕ್ಸ್, ತಟ್ಟೆ ಮತ್ತು ಲೋಟಗಳ ಬಳಕೆಯನ್ನು ನಿಷೇಧಿಸಲಾಗಿದ್ದು, ಇವುಗಳನ್ನು ಪಟ್ಟಿಯಲ್ಲಿ ಸೇರಿಸಬಾರದು.

4. ಮಂಜೂರಾತಿ ಮತ್ತು ಅನುಮತಿಗಳು

ಕೇಂದ್ರದ ಮುಖ್ಯಸ್ಥರ ಶಿಫಾರಸಿನೊಡನೆ ಪ್ರಸ್ತಾವನೆಯನ್ನು ಸಲ್ಲಿಸತಕ್ಕದ್ದು. ಲಿಖಿತ ಮಂಜೂರಾತಿ ಆದೇಶ ಕೈಸೇರುವ ಮುನ್ನ ಮುಂಗಡ ನೀಡುವುದಾಗಲಿ, ಖರೀದಿಸುವುದಾಗಲಿ ಸಲ್ಲದು. ಮೌಖಿಕ ಭರವಸೆಯ ಮೇಲೆ ಮಾಡಿದ ವೆಚ್ಚವನ್ನು ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಿಸಿದಲ್ಲಿ ಆ ಮೊತ್ತವನ್ನು ಸಂಘಟಕರೇ ಭರಿಸಬೇಕಾಗಬಹುದು. ವಿಶ್ವವಿದ್ಯಾಲಯದ ಖರೀದಿಗಳಿಗೆ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಅನ್ವಯಿಸುತ್ತದೆ.

ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಪಡೆಯತಕ್ಕದ್ದು. ತೆರೆದ ಸ್ಥಳದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6 ಗಂಟೆಯವರೆಗೆ ಇದರ ಬಳಕೆಗೆ ನಿರ್ಬಂಧವಿದೆ. ವಿಕಲಚೇತನರು ಸಭಾಂಗಣ ಪ್ರವೇಶಿಸಲು ಇಳಿಜಾರು ದಾರಿ ಇರುವುದನ್ನು ಖಚಿತಪಡಿಸಿಕೊಳ್ಳಬೇಕು.

5. ಲೆಕ್ಕಪತ್ರ

ಕಾರ್ಯಕ್ರಮದ ನಂತರ ಮೂಲ ರಸೀದಿಗಳು, ಹಾಜರಾತಿ ಪಟ್ಟಿ, ಛಾಯಾಚಿತ್ರ ಹಾಗೂ ಸಂಕ್ಷಿಪ್ತ ವರದಿಯನ್ನು ಸಿದ್ಧಪಡಿಸಿ, ಹಣ ಬಳಕೆ ಪ್ರಮಾಣಪತ್ರದೊಂದಿಗೆ ನಿಗದಿತ ಅವಧಿಯೊಳಗೆ ಸಲ್ಲಿಸತಕ್ಕದ್ದು. ಕೇಂದ್ರ ಸರ್ಕಾರದ ಅನುದಾನಕ್ಕೆ ಸಾಮಾನ್ಯ ಹಣಕಾಸು ನಿಯಮಗಳು, 2017ರ ನಮೂನೆ 12-ಎ ಅನ್ವಯವಾಗುತ್ತದೆ. ಉಳಿಕೆ ಹಣವನ್ನು ಮಂಜೂರಾತಿ ಆದೇಶದ ಷರತ್ತಿನಂತೆ ಹಿಂದಿರುಗಿಸಬೇಕು.

ಹಿಂದಿನ ಪ್ರಮಾಣಪತ್ರ ಬಾಕಿ ಇದ್ದಲ್ಲಿ ಮುಂದಿನ ಅನುದಾನ ತಡೆಹಿಡಿಯಲ್ಪಡುತ್ತದೆ. ಒಬ್ಬ ಸಂಘಟಕರ ಬಾಕಿಯಿಂದ ಇಡೀ ಕೇಂದ್ರದ ಮುಂದಿನ ವರ್ಷದ ಕಾರ್ಯಕ್ರಮಗಳಿಗೆ ಅಡಚಣೆಯಾಗಬಹುದಾದ್ದರಿಂದ ಸಕಾಲದಲ್ಲಿ ಲೆಕ್ಕ ಸಲ್ಲಿಸಿ ಸಹಕರಿಸಲು ಕೋರಲಾಗಿದೆ.