ಸೈನಿಕನ ಮನಸ್ಸಿಗೂ ಮದ್ದು: ರಿವರ್ಸ್ ತೆರೆದ ದಾರಿ

ಮೊದಲ ಮಹಾಯುದ್ಧದ ಕಂದಕಗಳಿಂದ ಹಿಂದಕ್ಕೆ ಸಾಗಿಸಲಾದ ಸಾವಿರಾರು ಸೈನಿಕರ ಮೈಮೇಲೆ ಗಾಯವೇ ಇರಲಿಲ್ಲ. ಆದರೆ ಕೈಕಾಲು ನಡುಗುತ್ತಿತ್ತು, ಕೆಲವರ ಮಾತು ನಿಂತುಹೋಗಿತ್ತು, ಕೆಲವರಿಗೆ ಕಣ್ಣು ಕಾಣುತ್ತಿರಲಿಲ್ಲ. 1915ರ ಫೆಬ್ರವರಿಯಲ್ಲಿ ಮನೋವಿಜ್ಞಾನಿ ಚಾರ್ಲ್ಸ್ ಮೈಯರ್ಸ್ ಇಂಥ ಮೂವರ ವಿವರವನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದಾಗ ‘ಶೆಲ್ ಶಾಕ್’ ಎಂಬ ಹೆಸರು ವೈದ್ಯಲೋಕಕ್ಕೆ ಬಂತು. ಹತ್ತಿರ ಸಿಡಿದ ಶೆಲ್ಲಿನಿಂದ ನರಗಳಿಗೆ ಪೆಟ್ಟಾಗಿರಬೇಕು ಎಂಬುದು ಮೊದಲ ಊಹೆ. ಸಿಡಿತದ ಹತ್ತಿರವೂ ಇರದವರಲ್ಲಿ ಅದೇ ಲಕ್ಷಣಗಳು ಕಂಡಾಗ ಆ ಊಹೆ ನಿಲ್ಲಲಿಲ್ಲ. ಅನೇಕ ಸೇನಾಧಿಕಾರಿಗಳಂತೂ ಇದನ್ನು ಹೇಡಿತನವೆಂದೇ ತೀರ್ಮಾನಿಸಿದರು. ಶೆಲ್ ಶಾಕ್‌ಗೆ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದ ಹ್ಯಾರಿ ಫಾರ್ ಎಂಬ ಸೈನಿಕನನ್ನು 1916ರ ಅಕ್ಟೋಬರಿನಲ್ಲಿ ಅವನದೇ ಸೇನೆ ಗುಂಡಿಟ್ಟು ಕೊಂದಿತು. ಹೀಗೆ ಸತ್ತ 306 ಮಂದಿಗೆ ಬ್ರಿಟನ್ ಕ್ಷಮೆ ನೀಡಿದ್ದು 2006ರಲ್ಲಿ.

ಈ ಕ್ರೌರ್ಯದ ನಡುವೆ ಸೈನಿಕನ ಮಾತನ್ನು ಕೂತು ಕೇಳಿದವರಲ್ಲಿ ಮುಖ್ಯರು ಡಬ್ಲ್ಯು.ಎಚ್.ಆರ್. ರಿವರ್ಸ್. 1864ರಲ್ಲಿ ಇಂಗ್ಲೆಂಡಿನ ಕೆಂಟ್‌ನಲ್ಲಿ ಹುಟ್ಟಿದ ಅವರು ವೈದ್ಯಶಾಸ್ತ್ರ ಓದಿ ಕೇಂಬ್ರಿಜ್‌ನಲ್ಲಿ ನೆಲೆಸಿದರು. 1898ರಲ್ಲಿ ಟಾರೆಸ್ ಜಲಸಂಧಿಯ ದ್ವೀಪಗಳಿಗೆ ಹೋದ ಅಧ್ಯಯನ ತಂಡದಲ್ಲಿದ್ದರು. ಮೈಯರ್ಸ್ ಕೂಡ ಅದೇ ತಂಡದವರು. ನಮ್ಮ ಪಕ್ಕದ ನೀಲಗಿರಿಗೂ ಅವರು ಬಂದಿದ್ದರು. 1901-02ರಲ್ಲಿ ಅಲ್ಲಿನ ತೋಡ ಬುಡಕಟ್ಟಿನವರ ನಡುವೆ ಕೆಲಸ ಮಾಡಿ 1906ರಲ್ಲಿ ಪ್ರಕಟಿಸಿದ ‘ದಿ ತೋಡಾಸ್’ ಮಾನವಶಾಸ್ತ್ರದಲ್ಲಿ ಇಂದಿಗೂ ಹೆಸರಾದ ಗ್ರಂಥ. ವಂಶಾವಳಿಗಳನ್ನು ಒಬ್ಬೊಬ್ಬರಿಂದ ಕೇಳಿ ಬರೆದುಕೊಳ್ಳುವ ಆ ತಾಳ್ಮೆಯೇ ಮುಂದೆ ರೋಗಿಯ ಮಂಚದ ಪಕ್ಕ ಕೆಲಸಕ್ಕೆ ಬಂದಿರಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಸ್ವತಃ ಉಗ್ಗುತ್ತಿದ್ದ ಅವರಿಗೆ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುವ ಸಂಕಟ ಹೊಸದೇನಲ್ಲ.

1915ರಲ್ಲಿ ಲಿವರ್‌ಪೂಲ್ ಬಳಿಯ ಮ್ಯಾಗಲ್ ಆಸ್ಪತ್ರೆಯಲ್ಲಿ ಸೈನಿಕರನ್ನು ನೋಡತೊಡಗಿದ ರಿವರ್ಸ್, ಮರುವರ್ಷ ಎಡಿನ್‌ಬರೋದ ಕ್ರೇಗ್‌ಲಾಕ್‌ಹಾರ್ಟ್‌ಗೆ ಬಂದರು. ಅದು ಅಧಿಕಾರಿಗಳಿಗೆ ಮೀಸಲಾದ ಆಸ್ಪತ್ರೆ. ‘ಕಂಡದ್ದನ್ನೆಲ್ಲ ಮರೆತುಬಿಡು, ಬೇರೆ ಏನಾದರೂ ಯೋಚಿಸು’ ಎಂಬುದೇ ಆಗಿನ ಸಾಮಾನ್ಯ ಸಲಹೆ. ಹಗಲು ಒತ್ತಿಹಿಡಿದ ನೆನಪು ರಾತ್ರಿ ದುಃಸ್ವಪ್ನವಾಗಿ ಮರಳುತ್ತದೆ ಎಂದು ರಿವರ್ಸ್ ಕಂಡುಕೊಂಡರು. 1917ರ ಡಿಸೆಂಬರಿನಲ್ಲಿ ಅವರು ಓದಿದ ಪ್ರಬಂಧದಲ್ಲಿ ಒಬ್ಬ ಅಧಿಕಾರಿಯ ಕಥೆಯಿದೆ. ಗೆಳೆಯನ ಛಿದ್ರಗೊಂಡ ದೇಹವನ್ನು ಕಂಡಿದ್ದ ಆತನಿಗೆ ಅದೇ ಕನಸು ಕಾಡುತ್ತಿತ್ತು. ದೇಹ ಅಷ್ಟು ಛಿದ್ರವಾಗಿತ್ತೆಂದರೆ ಗೆಳೆಯ ನರಳದೆ ಕ್ಷಣದಲ್ಲೇ ಸತ್ತಿದ್ದಾನೆ ಎಂದು ರಿವರ್ಸ್ ತೋರಿಸಿಕೊಟ್ಟರು. ಆತ ಆ ನೆನಪನ್ನು ದೂರ ತಳ್ಳುವುದನ್ನು ಬಿಟ್ಟ. ಕನಸು ಬಂದರೂ ಅದರ ಭೀಕರತೆ ಹೋಗಿತ್ತು. ಅದೇ ಪ್ರಬಂಧದಲ್ಲಿ ಸೋಲಿನ ವಿವರವೂ ಇದೆ. ಸಿಡಿತಕ್ಕೆ ಎಸೆಯಲ್ಪಟ್ಟು ಕೊಳೆತ ಹೆಣದ ಮೇಲೆ ಮುಖವಡಿಯಾಗಿ ಬಿದ್ದಿದ್ದ ಇನ್ನೊಬ್ಬನ ನೆನಪಿನಲ್ಲಿ ಸಮಾಧಾನ ಕೊಡುವಂಥದ್ದೇನೂ ರಿವರ್ಸ್‌ಗೆ ಸಿಗಲಿಲ್ಲ. ಆತ ಸೇನೆ ಬಿಟ್ಟು ಹಳ್ಳಿಗಾಡಿಗೆ ಹೋಗಬೇಕಾಯಿತು. ತನ್ನ ವಿಧಾನ ಎಲ್ಲಿ ನಿಲ್ಲುತ್ತದೆಂದು ಬರೆದಿಟ್ಟ ಈ ಪ್ರಾಮಾಣಿಕತೆಗಾಗಿ ರಿವರ್ಸ್ ಮೇಲೆ ನನಗೆ ಹೆಚ್ಚು ಗೌರವ.

ಅದೇ ಕಾಲದಲ್ಲಿ ಲಂಡನ್ನಿನ ಕ್ವೀನ್ ಸ್ಕ್ವೇರ್ ಆಸ್ಪತ್ರೆಯಲ್ಲಿ ವೈದ್ಯ ಲೂಯಿಸ್ ಯೆಲ್ಯಾಂಡ್ ಮಾತು ನಿಂತ ಸಾಮಾನ್ಯ ಸೈನಿಕರ ಗಂಟಲಿಗೆ ವಿದ್ಯುತ್ ಹಾಯಿಸುತ್ತಿದ್ದರು. ಅಧಿಕಾರಿಗೆ ಸಂಭಾಷಣೆ, ಸಿಪಾಯಿಗೆ ಕರೆಂಟು: ಈ ತಾರತಮ್ಯವನ್ನು ಮರೆತು ಆ ಕಾಲದ ಚರಿತ್ರೆ ಬರೆಯಲಾಗದು.

ರಿವರ್ಸ್ ಕೂಡ ಸೇನೆಯ ಸಮವಸ್ತ್ರ ತೊಟ್ಟವರೇ. ಯುದ್ಧವನ್ನು ಬಹಿರಂಗವಾಗಿ ವಿರೋಧಿಸಿದ ಕವಿ ಸೀಗ್‌ಫ್ರೀಡ್ ಸಸೂನ್ 1917ರ ಜುಲೈನಲ್ಲಿ ಅವರ ಬಳಿ ಬಂದಾಗ ಕಾಯಿಲೆಯೇನೂ ಕಾಣಲಿಲ್ಲ. ಆದರೂ ಮಾತುಕತೆ ನಡೆಯಿತು. ನವೆಂಬರಿನಲ್ಲಿ ಸಸೂನ್ ಮತ್ತೆ ಸೇವೆಗೆ ಮರಳಿದರು. ವಾಸಿಯಾದವನನ್ನು ಮತ್ತೆ ಸಾವಿನ ಬಾಯಿಗೆ ಕಳುಹಿಸುವ ಹೊಣೆ ರಿವರ್ಸ್‌ರನ್ನು ಒಳಗೊಳಗೇ ಕಲಕಿತ್ತು. 1922ರ ಜೂನ್‌ನಲ್ಲಿ, ಲೇಬರ್ ಪಕ್ಷದ ಅಭ್ಯರ್ಥಿಯಾಗಿದ್ದಾಗಲೇ, ಅವರು ಹಠಾತ್ತನೆ ತೀರಿಕೊಂಡರು.

ಮುಂದಿನದು ಕಲಿತು ಮರೆತು ಮತ್ತೆ ಕಲಿತ ಚರಿತ್ರೆ. ರಣರಂಗದ ಸಮೀಪದಲ್ಲೇ, ತಡಮಾಡದೆ, ವಾಸಿಯಾಗುತ್ತೀಯೆಂಬ ಭರವಸೆ ಕೊಟ್ಟು ಚಿಕಿತ್ಸೆ ಮಾಡಬೇಕೆಂದು ಅಮೆರಿಕದ ಮನೋವೈದ್ಯ ಥಾಮಸ್ ಸಾಲ್ಮನ್ ಮೊದಲ ಯುದ್ಧದಲ್ಲೇ ತೋರಿಸಿದ್ದರು. ಎರಡನೆಯ ಯುದ್ಧ ಬಂದಾಗ ಅದನ್ನು 1943ರಲ್ಲಿ ಟ್ಯುನೀಷಿಯಾದಲ್ಲಿ ಹೊಸದಾಗಿ ಕಲಿಯಬೇಕಾಯಿತು. ಬರ್ಮಿಂಗ್‌ಹ್ಯಾಂ ಬಳಿಯ ನಾರ್ತ್‌ಫೀಲ್ಡ್ ಸೇನಾ ಆಸ್ಪತ್ರೆಯಲ್ಲಿ ಬಿಯಾನ್, ಫೂಕ್ಸ್ ಮುಂತಾದ ಮನೋವೈದ್ಯರು ಗುಂಪು ಚಿಕಿತ್ಸೆಗೆ ರೂಪ ಕೊಟ್ಟರು. ಯುದ್ಧ ಮುಗಿದು ವರ್ಷಗಳಾದರೂ ಮನಸ್ಸಿನ ಗಾಯ ಉಳಿಯುತ್ತದೆ ಎಂಬುದಕ್ಕೆ ಅಧಿಕೃತ ಮನ್ನಣೆ ಸಿಕ್ಕಿದ್ದು ವಿಯೆಟ್ನಾಂ ಯೋಧರು ದನಿಯೆತ್ತಿದ ನಂತರ, 1980ರಲ್ಲಿ. ಅಮೆರಿಕದ ಮನೋವೈದ್ಯರ ರೋಗಪಟ್ಟಿಗೆ ಪಿಟಿಎಸ್‌ಡಿ (ಆಘಾತೋತ್ತರ ಒತ್ತಡದ ಕಾಯಿಲೆ) ಸೇರಿದ್ದು ಆ ವರ್ಷ.

ಕೊಡಗು, ಬೆಳಗಾವಿಯಂಥ ಕಡೆ ಸೈನ್ಯಕ್ಕೆ ಮಕ್ಕಳನ್ನು ಕಳುಹಿಸಿದ ಮನೆಗಳು ಬಹಳ. ನಿವೃತ್ತ ಯೋಧರೊಬ್ಬರು ನಿದ್ದೆಗೆಟ್ಟು, ಮಾತು ಬಿಟ್ಟು, ಸಣ್ಣ ಸದ್ದಿಗೂ ಬೆಚ್ಚುತ್ತಿದ್ದರೆ ಅದನ್ನು ಸಿಟ್ಟೆಂದೋ ವಯಸ್ಸಿನ ಗುಣವೆಂದೋ ಬಿಡಬೇಡಿ. ಮನೋವೈದ್ಯರಿಗೆ ತೋರಿಸಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.