ಖಾತೆ ಯಾರದು, ಬೆರಳು ಯಾರದು?

ಕನ್ನಡದಲ್ಲಿ ‘ಖಾತೆ’ ಅನ್ನೋ ಪದಕ್ಕೆ ಈಗ ಎರಡು ಅರ್ಥ. ಕಳಸದ ಬೆಳೆಗಾರರಿಗೆ ಖಾತೆ ಅಂದ್ರೆ ತೋಟದ ಖಾತೆ. ಕಂಪ್ಯೂಟರಿನವರಿಗೆ ಖಾತೆ ಅಂದ್ರೆ ಯೂಸರ್ ಅಕೌಂಟ್. ತಾಲೂಕು ಕಚೇರಿಯಲ್ಲಿ ಈ ಎರಡೂ ಸೇರುತ್ತವೆ. ಎರಡನೆಯದು ಸಡಿಲವಾದರೆ ಮೊದಲನೆಯದು ಕೈತಪ್ಪುತ್ತದೆ!

ಹಳೇ ಮೈಸೂರಿನಲ್ಲಿ (1947ರವರೆಗೆ ನಮ್ಮದು ಕಡೂರು ಜಿಲ್ಲೆ) ಊರಿನ ಲೆಕ್ಕ ಬರೆಯುವ ಹಕ್ಕು ಶಾನುಭೋಗರದ್ದು. ಅಪ್ಪನ ನಂತರ ಮಗ. ಈಗಿನ ಭಾಷೆಯಲ್ಲಿ ಹೇಳೋದಾದ್ರೆ ಅಡ್ಮಿನ್ನೂ ಅವರೇ, ಪಾಸ್‌ವರ್ಡೂ ಅವರ ಕೈಬರಹವೇ. ಶಾನುಭೋಗರು ಒಳ್ಳೆಯವರಾದರೆ ಊರು ಬಚಾವ್.

ಇದನ್ನು ಮುರಿದದ್ದು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ. ಜಾರಿಯಾದದ್ದು 1963ರ ಫೆಬ್ರವರಿ 1ರಂದು. ಪಟೇಲರು, ಶಾನುಭೋಗರು ಹೋದರು. ಸಂಬಳ ಪಡೆಯುವ, ವರ್ಗಾವಣೆಯಾಗುವ ಗ್ರಾಮ ಲೆಕ್ಕಿಗರು ಬಂದರು. ವಿವಾದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1966ರಲ್ಲಿ ಕೋರ್ಟು ಕಾಯ್ದೆಯನ್ನೇ ಎತ್ತಿಹಿಡಿಯಿತು.

ತಮಾಷೆ ನೋಡಿ, ಅದೇ 1961ರಲ್ಲಿ ಅಮೆರಿಕದ ಎಂಐಟಿಯಲ್ಲಿ ಕೊರ್ಬಾಟೊ ಅವರ ತಂಡ ಒಂದೇ ಕಂಪ್ಯೂಟರನ್ನು ಹಲವರು ಹಂಚಿಕೊಳ್ಳುವ ಸಿಟಿಎಸ್ಎಸ್ ವ್ಯವಸ್ಥೆ ತೋರಿಸಿತು. ಪ್ರತಿಯೊಬ್ಬರಿಗೂ ಒಂದು ಪಾಸ್‌ವರ್ಡ್. ಮರುವರ್ಷವೇ ಅಲನ್ ಶೆರ್ ಎಂಬ ಸಂಶೋಧಕ, ತನಗೆ ಹೆಚ್ಚು ಸಮಯ ಬೇಕೆಂದು ಎಲ್ಲರ ಪಾಸ್‌ವರ್ಡ್ ಪಟ್ಟಿಯನ್ನೇ ಪ್ರಿಂಟ್ ತೆಗೆದುಕೊಂಡ. ಪಾಸ್‌ವರ್ಡಿನ ಹಣೆಬರಹ ಅಂದಿನಿಂದಲೂ ಇಷ್ಟೇ.

ನಮ್ಮಲ್ಲಿ 1964ರ ಭೂಕಂದಾಯ ಕಾಯ್ದೆ ಒಂದು ಒಳ್ಳೇ ಪದ್ಧತಿಯನ್ನು ಬರಹಕ್ಕೆ ಇಳಿಸಿತ್ತು. ಹಕ್ಕು ಬದಲಾದರೆ ಮೊದಲು ವರದಿ, ಆಮೇಲೆ ನೋಟಿಸು, ತಕರಾರಿಗೆ ಕಾಲಾವಕಾಶ, ಕೊನೆಗೆ ಮೇಲಿನವರ ದೃಢೀಕರಣ. ಬರೆಯುವವರು ಒಬ್ಬರು, ಒಪ್ಪುವವರು ಇನ್ನೊಬ್ಬರು. ಆದರೆ ಪಹಣಿ ಪುಸ್ತಕ ಇದ್ದದ್ದು ಲೆಕ್ಕಿಗರ ಕೈಯಲ್ಲೇ. ಒಂದು ಹೆಸರು ತಿದ್ದಿದರೆ, ತಿದ್ದಿದ್ದು ಯಾರು ಅಂತ ಸಾಬೀತು ಮಾಡೋದು ಹೇಗೆ?

ಉತ್ತರ ಬಂದದ್ದು ‘ಭೂಮಿ’ ಯೋಜನೆಯಲ್ಲಿ. ಎನ್ಐಸಿ ಬರೆದ ತಂತ್ರಾಂಶ, ಮುಂದೆ ನಿಂತು ನಡೆಸಿದವರು ರಾಜೀವ್ ಚಾವ್ಲಾ. 2002ರ ಹೊತ್ತಿಗೆ 177 ತಾಲೂಕುಗಳ, 67 ಲಕ್ಷ ರೈತರ, ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಶುರುವಿನಲ್ಲಿ ಒಂದು ಪ್ರತಿಗೆ 15 ರೂಪಾಯಿ, ರೈತನ ಕಡೆಗೆ ತಿರುಗಿಸಿಟ್ಟ ಎರಡನೇ ಮಾನಿಟರ್. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸೋದು ಲಾಗಿನ್. ಪಾಸ್‌ವರ್ಡ್ ಹೇಳಿಕೊಡಬಹುದು, ಬೆರಳನ್ನು ಹೇಳಿಕೊಡೋಕಾಗಲ್ಲ. ಹಾಗಾಗಿ ಸಿಬ್ಬಂದಿಯ ಬೆರಳಚ್ಚೇ ಕೀಲಿ. ಯಾರು ಏನು ಮಾಡಿದರು ಅನ್ನೋದು ಲಾಗಿನಲ್ಲಿ ದಾಖಲು. ‘ನಾನಲ್ಲ ಸ್ವಾಮಿ’ ಅನ್ನೋ ಹಾಗಿಲ್ಲ. ಅರ್ಜಿಗಳಿಗೂ ಸರದಿ, ಮೊದಲು ಬಂದವರಿಗೆ ಮೊದಲು.

ಆದರೆ ಬೆರಳು ಹೇಳೋದು ಬರೆದವರು ಯಾರು ಅಂತ, ಬರೆದದ್ದು ನಿಜವೋ ಅಲ್ಲವೋ ಅಂತ ಅಲ್ಲ. ಕೈಬರಹದಿಂದ ಏರಿಸುವಾಗ ತಪ್ಪಿದ ಹೆಸರು, ಗುಂಟೆ ಲೆಕ್ಕ ತಪ್ಪಾಗಿಯೇ ಭದ್ರವಾದವು. ಅಜ್ಜನ ಹೆಸರಲ್ಲೇ ಉಳಿದ ತೋಟಕ್ಕೆ ಪೌತಿ ಖಾತೆ ಆಗದಿದ್ದರೆ ಬ್ಯಾಂಕ್ ಸಾಲಕ್ಕೆ ಕಷ್ಟ. ಹಿಂದೆ ಇದಕ್ಕೆಲ್ಲ ಕಳಸದವರು ಬಾಳೂರು, ಕೊಟ್ಟಿಗೆಹಾರ, ಬಣಕಲ್ ದಾಟಿ ಮೂಡಿಗೆರೆಗೆ ಹೋಗಬೇಕಿತ್ತು. 2019ರ ಬಜೆಟ್ಟಿನಲ್ಲಿ ಕಳಸವೂ ತಾಲೂಕು ಅಂತ ಘೋಷಣೆಯಾಯಿತು. ಹೊಸ ತಾಲೂಕು ಅಂದ್ರೆ ಬರೀ ಬೋರ್ಡಲ್ಲ. ಯಾರ ಲಾಗಿನ್ ಯಾವ ಹಳ್ಳಿವರೆಗೆ ಅನ್ನೋ ಗಡಿಯೂ ಹೌದು.

ಗ್ರಾಮ ಲೆಕ್ಕಿಗರ ಹೆಸರು ಈಗ ಗ್ರಾಮ ಆಡಳಿತ ಅಧಿಕಾರಿ. 2024ರಲ್ಲಿ ಅವರು ಮುಷ್ಕರ ಹೂಡಿದಾಗ ಒಂದು ದೂರು, ಮೊಬೈಲಿನಲ್ಲಿ ಆ್ಯಪ್‌ಗಳು ವಿಪರೀತ ಅನ್ನೋದು. ಒಬ್ಬ ಮನುಷ್ಯನಿಗೆ ಹತ್ತಾರು ಕೀಲಿ ಕೊಟ್ಟರೆ ಒಂದಲ್ಲ ಒಂದು ದಿನ ಕೀಲಿಗೊಂಚಲು ಬೇರೆಯವರ ಕೈ ಸೇರುತ್ತದೆ. ವರ್ಗಾವಣೆಯಾದವರ ಲಾಗಿನ್ ಅದೇ ದಿನ ಮುಚ್ಚಬೇಕು ಅನ್ನೋದೂ ಇದಕ್ಕೇ.

ಶಾನುಭೋಗರ ಕಾಲದಲ್ಲಿ ಬರೆದವರು ಯಾರೆಂದು ಊರಿಗೇ ಗೊತ್ತಿತ್ತು, ಕೇಳುವ ಧೈರ್ಯ ಇರಲಿಲ್ಲ. ಈಗ ಕೇಳುವ ಹಕ್ಕಿದೆ. ನಿಮ್ಮ ಊರಿನ ಪಹಣಿಯಲ್ಲಿ ಕೊನೆಯ ಬದಲಾವಣೆ ಮಾಡಿದ್ದು ಯಾರು, ಒಪ್ಪಿದ್ದು ಯಾರು? ಒಮ್ಮೆ ಕೇಳಿ ನೋಡಿ.